ಇಕ್ಕಟ್ಟಿನ ದಾರಿ, ಬಳಸುದಾರಿ: ಬದಲಾಗುತ್ತಿರುವ ಜಾಗತಿಕ ವ್ಯವಸ್ಥೆಯನ್ನು ಓದುವ ಒಂದು ಬಗೆ

ಜಾಗತಿಕ ವ್ಯವಸ್ಥೆ ಬದಲಾಗುತ್ತಿದೆ ಎಂದ ಕೂಡಲೇ ನಮ್ಮ ಕಣ್ಣಮುಂದೆ ಬರುವುದು ಶೃಂಗಸಭೆಗಳ ಗುಂಪು ಚಿತ್ರ. ಯಾರು ಯಾರ ಪಕ್ಕ ನಿಂತರು, ಯಾರು ಯಾರ ಕೈ ಕುಲುಕಲಿಲ್ಲ, ಬ್ರಿಕ್ಸ್‌ಗೆ ಹೊಸದಾಗಿ ಯಾರು ಸೇರಿದರು. ಇವತ್ತು ಆ ಚಿತ್ರಗಳನ್ನು ಸ್ವಲ್ಪ ಪಕ್ಕಕ್ಕಿಡೋಣ. ನಾನು ತೋರಿಸಬೇಕೆಂದಿರುವ ವಸ್ತುಗಳು ಬೇರೆ: ತೈಲ ಹಡಗಿನ ವಿಮೆ ಕಾಗದ, ನ್ಯೂಯಾರ್ಕಿನ ಬ್ಯಾಂಕಿನಲ್ಲಿರುವ ಒಂದು ಖಾತೆ, ಸೀಮೆಎಣ್ಣೆ ತುಂಬಿದ ತೊಟ್ಟಿಗಳ ಉದ್ದನೆಯ ಸಾಲು. ನೋಡಲು ಸಪ್ಪೆ. ಆದರೆ ಕಳೆದ ಹದಿನೈದು ವರ್ಷಗಳ ಜಗಳಗಳೆಲ್ಲ ಇವುಗಳ ಸುತ್ತಲೇ ನಡೆದಿವೆ.

ಜಗತ್ತಿನ ವ್ಯವಹಾರ ಬಟಾಬಯಲಿನಲ್ಲಿ ಹರಡಿಕೊಂಡು ನಡೆಯುವಂಥದ್ದಲ್ಲ. ಕೆಲವು ಕಡೆ ಅದು ಇಕ್ಕಟ್ಟಾದ ಸಂದಿಯಲ್ಲಿ ನುಸುಳಿಯೇ ಹೋಗಬೇಕು. ಸಂದಿಯ ಬಾಯಲ್ಲಿ ನಿಂತವನಿಗೆ ಸೈನ್ಯವಿಲ್ಲದಿದ್ದರೂ ಬಲ ಬರುತ್ತದೆ. ಆ ಬಲದಲ್ಲಿ ಒಂದು ಊನವೂ ಇದೆ: ಒಮ್ಮೆ ಬಾಗಿಲು ಮುಚ್ಚಿದರೆ ಆಚೆ ನಿಂತವರು ಅವತ್ತಿನಿಂದಲೇ ಬಳಸುದಾರಿ ಹುಡುಕತೊಡಗುತ್ತಾರೆ. ಅದು ಸಿಗಲು ಎರಡು ವಾರ ಬೇಕೋ, ಎರಡು ದಶಕ ಬೇಕೋ ಎಂಬುದೇ ಯಾರ ಕೈ ಎಷ್ಟು ದಿನ ಮೇಲಿರುತ್ತದೆ ಎಂಬುದನ್ನು ನಿರ್ಧರಿಸುತ್ತದೆ.

ಕಣ್ಣಿಗೆ ಕಾಣುವ ಸಂದಿಗಳಿಂದ ಶುರು ಮಾಡೋಣ. ಹಾರ್ಮುಜ್ ಜಲಸಂಧಿ ಅತಿ ಕಿರಿದಾದ ಕಡೆ ಸುಮಾರು 33 ಕಿಲೋಮೀಟರ್ ಅಗಲವಿದೆ. ದೊಡ್ಡ ಟ್ಯಾಂಕರ್‌ಗಳಿಗೆ ಗೊತ್ತು ಮಾಡಿರುವ ಪಥ ಅಷ್ಟೂ ಅಗಲವಿಲ್ಲ. ಒಳಗೆ ಹೋಗಲು ಎರಡು ನಾಟಿಕಲ್ ಮೈಲಿ, ಹೊರಗೆ ಬರಲು ಎರಡು, ನಡುವೆ ಡಿಕ್ಕಿ ತಪ್ಪಿಸಲು ಖಾಲಿ ಬಿಟ್ಟ ಎರಡು ಮೈಲಿ. 2024ರಲ್ಲಿ ಈ ದಾರಿಯಲ್ಲಿ ದಿನಕ್ಕೆ ಸುಮಾರು 2 ಕೋಟಿ ಬ್ಯಾರೆಲ್ ತೈಲ ಸಾಗಿತು, ಜಗತ್ತು ಉರಿಸುವುದರಲ್ಲಿ ಹತ್ತಿರ ಹತ್ತಿರ ಐದನೇ ಒಂದು ಪಾಲು. ಸೌದಿ ಅರೇಬಿಯಾ ಕೆಂಪು ಸಮುದ್ರದ ಯಾನ್ಬುವರೆಗೆ ಕೊಳವೆ ಎಳೆದಿದೆ. ಯುಎಇ ಜಲಸಂಧಿಯ ಹೊರಗಿರುವ ಫುಜೈರಾಕ್ಕೆ ಇನ್ನೊಂದನ್ನು ಎಳೆದಿದೆ. ಎರಡೂ ತುಂಬಿ ಹರಿದರೂ ಆ 2 ಕೋಟಿಯ ಅರ್ಧ ಮುಟ್ಟುವುದಿಲ್ಲ. ಕತಾರಿನಲ್ಲಿ ಹಡಗೇರುವ ದ್ರವೀಕೃತ ಅನಿಲಕ್ಕಂತೂ ಬೇರೆ ದಾರಿಯೇ ಇಲ್ಲ.

ಕೆಂಪು ಸಮುದ್ರದ ತುದಿಯ ಬಾಬ್ ಎಲ್ ಮಂದೆಬ್ ಕಥೆ ಬೇರೆ ಥರದ್ದು. 2023ರ ನವೆಂಬರಿನಲ್ಲಿ ಯೆಮೆನ್‌ನ ಹೌತಿಗಳು ಹಡಗುಗಳ ಮೇಲೆ ದಾಳಿ ಶುರುಮಾಡಿದರು. ಅವರು ಹೊಡೆದ ಹಡಗುಗಳ ಸಂಖ್ಯೆ ದೊಡ್ಡದಲ್ಲ, ತಿರುಗಿ ಹೋದವುಗಳ ಸಂಖ್ಯೆ ದೊಡ್ಡದು. ಯಾಕೆ? ಅಪಾಯದ ವಲಯಕ್ಕೆ ಹೋಗುವ ಹಡಗು ಮಾಮೂಲಿ ವಿಮೆಯ ಮೇಲೆ ಯುದ್ಧ ವಿಮೆ ಕೊಳ್ಳಬೇಕು. ಅದನ್ನು ಹಡಗಿನ ಬೆಲೆಯ ಶೇಕಡಾವಾರು ಲೆಕ್ಕದಲ್ಲಿ, ಒಂದೊಂದು ಪಯಣಕ್ಕೂ ಬೇರೆಯಾಗಿ ವಸೂಲು ಮಾಡುತ್ತಾರೆ. ಮೊದಲು ಶೇ 0.1ಕ್ಕಿಂತ ಕೆಳಗಿದ್ದ ದರ 2024ರ ಆರಂಭದಲ್ಲಿ ಶೇ 0.7ರಿಂದ 1ರವರೆಗೆ ಏರಿತು. ಹಡಗಿನ ಬೆಲೆ 10 ಕೋಟಿ ಡಾಲರ್ ಎಂದಿಟ್ಟುಕೊಳ್ಳಿ: ಒಂದು ಸಲ ದಾಟುವುದಕ್ಕೆ 7ರಿಂದ 10 ಲಕ್ಷ ಡಾಲರ್. ಅದಕ್ಕಿಂತ ಆಫ್ರಿಕಾದ ತುದಿಯ ಗುಡ್ ಹೋಪ್ ಭೂಶಿರ ಸುತ್ತಿಕೊಂಡು ಹೋಗಿ ಹತ್ತರಿಂದ ಹದಿನಾಲ್ಕು ದಿನದ ಇಂಧನ ಸುಡುವುದೇ ಮೇಲು ಎಂದು ಕಂಪನಿಗಳು ಲೆಕ್ಕ ಹಾಕಿದವು. ಕ್ಷಿಪಣಿ ಹೆದರಿಸಿತು, ತಿರುಗಿಸಿದ್ದು ವಿಮೆಯ ಕಂತು. ಪೆಟ್ಟು ಬಿದ್ದದ್ದು ಜಗಳದಲ್ಲಿ ಇಲ್ಲದ ಈಜಿಪ್ಟ್‌ಗೆ: ಸೂಯೆಜ್ ಕಾಲುವೆಯ ವರಮಾನ 2023ರಲ್ಲಿ ಸುಮಾರು 1,000 ಕೋಟಿ ಡಾಲರ್ ಇದ್ದದ್ದು 2024ರಲ್ಲಿ 400 ಕೋಟಿಗೆ ಕುಸಿಯಿತು.

ಸಮುದ್ರದ ಸಂದಿಗೆ ಬಳಸುದಾರಿ ಹೆಚ್ಚಿನ ಕಡೆ ಮೊದಲೇ ಇರುತ್ತದೆ, ಖರ್ಚು ಜಾಸ್ತಿ ಅಷ್ಟೆ. ಕಾಗದದ ಮೇಲಿನ ಸಂದಿಗಳು ಹಾಗಲ್ಲ.

ಡಾಲರ್ ವಿಷಯಕ್ಕೆ ಬರೋಣ. ‘ಸ್ವಿಫ್ಟ್‌ನಿಂದ ಹೊರಹಾಕಿದರು’ ಎಂದು ಸುದ್ದಿ ಬಂದಾಗ ಹಣ ಅದರೊಳಗೇ ಹರಿಯುತ್ತದೆ ಎಂದು ಹಲವರು ತಿಳಿಯುತ್ತಾರೆ. ಹರಿಯುವುದಿಲ್ಲ. ಬೆಲ್ಜಿಯಂನಲ್ಲಿರುವ ಸ್ವಿಫ್ಟ್ ಒಂದು ಸಂದೇಶ ಜಾಲ. 200ಕ್ಕೂ ಹೆಚ್ಚು ದೇಶ, ಪ್ರಾಂತ್ಯಗಳ 11,000ಕ್ಕೂ ಹೆಚ್ಚು ಸಂಸ್ಥೆಗಳು ಅದರಲ್ಲಿ ‘ಇಂಥವರ ಖಾತೆಯಿಂದ ಇಷ್ಟು ತೆಗೆದು ಅಂಥವರಿಗೆ ಹಾಕಿ’ ಎಂದು ಚೀಟಿ ಕಳಿಸುತ್ತವೆ. ಹಣ ಕದಲುವ ಜಾಗ ಬೇರೆಯೇ ಇದೆ. ಒಂದು ದೇಶದ ಆಮದುದಾರ ಇನ್ನೊಂದು ದೇಶದ ರಫ್ತುದಾರನಿಗೆ ಡಾಲರಿನಲ್ಲಿ ಹಣ ಕೊಡಬೇಕು ಎನ್ನಿ. ಇಬ್ಬರ ಬ್ಯಾಂಕುಗಳಿಗೂ ನ್ಯೂಯಾರ್ಕಿನ ಯಾವುದೋ ಬ್ಯಾಂಕಿನಲ್ಲಿ ಡಾಲರ್ ಖಾತೆ ಇರುತ್ತದೆ. ಚೀಟಿ ಅಲ್ಲಿಗೆ ಮುಟ್ಟುತ್ತದೆ, ಒಂದು ಖಾತೆ ಇಳಿಯುತ್ತದೆ, ಇನ್ನೊಂದು ಏರುತ್ತದೆ. ಇಬ್ಬರ ಖಾತೆಗಳು ಬೇರೆ ಬೇರೆ ಬ್ಯಾಂಕಿನಲ್ಲಿದ್ದರೆ ಚಿಪ್ಸ್ ಅಥವಾ ಫೆಡ್‌ವೈರ್ ಎಂಬ ಅಮೆರಿಕದ ವ್ಯವಸ್ಥೆಗಳಲ್ಲಿ ಲೆಕ್ಕ ಚುಕ್ತಾ ಆಗುತ್ತದೆ. ಸರಕು ಅಮೆರಿಕದ ನೆಲ ಮುಟ್ಟಿರುವುದಿಲ್ಲ, ಕೊಂಡವನೂ ಮಾರಿದವನೂ ಅಮೆರಿಕದವರಲ್ಲ. ಆದರೂ ಆ ಒಂದು ಕ್ಷಣ ಹಣ ನ್ಯೂಯಾರ್ಕಿನ ಲೆಕ್ಕದ ಪುಸ್ತಕದಲ್ಲಿ ಹಾದುಹೋಗಿದೆ. ಅಮೆರಿಕದ ಕಾನೂನಿಗೆ ಅಷ್ಟು ಸಾಕು.

2014ರಲ್ಲಿ ಫ್ರಾನ್ಸಿನ ಬಿಎನ್‌ಪಿ ಪರಿಬಾ ಬ್ಯಾಂಕ್ ಸುಡಾನ್, ಇರಾನ್, ಕ್ಯೂಬಾಗಳ ಪಾವತಿಗಳನ್ನು ಹೀಗೆ ದಾಟಿಸಿದ್ದಕ್ಕೆ ಸುಮಾರು 890 ಕೋಟಿ ಡಾಲರ್ ದಂಡ ಕಟ್ಟಲು ಒಪ್ಪಿತು. ಆ ಅಂಕಿ ಜಗತ್ತಿನ ಬ್ಯಾಂಕುಗಳಿಗೆಲ್ಲ ಪಾಠವಾಯಿತು, ಬೇಕಾದ್ದಕ್ಕಿಂತ ಹೆಚ್ಚಿನ ಪಾಠ. ನಿರ್ಬಂಧದ ಆದೇಶಗಳಲ್ಲಿ ಔಷಧ, ಆಹಾರಕ್ಕೆ ವಿನಾಯಿತಿ ಬರೆದೇ ಇರುತ್ತದೆ. ಆದರೆ ಒಂದು ಔಷಧ ಬಿಲ್ಲಿನಿಂದ ಬ್ಯಾಂಕಿಗೆ ಸಿಗುವ ಕಮಿಷನ್ ಎಷ್ಟು, ತಪ್ಪಾದರೆ ಬೀಳುವ ದಂಡ ಎಷ್ಟು? ಹೀಗಾಗಿ ಬ್ಯಾಂಕುಗಳು ಇಡೀ ದೇಶದ ಕಡತವನ್ನೇ ದೂರ ಇಡುತ್ತವೆ. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇಲ್ಲಿ ಅಕ್ಷರಶಃ ನಿಜ.

ಯುರೋಪ್ ಒಂದು ಬಳಸುದಾರಿ ಕಟ್ಟಲು ಹೋಗಿ ಸೋತದ್ದನ್ನು ನೋಡಬೇಕು. 2018ರಲ್ಲಿ ಅಮೆರಿಕ ಇರಾನ್ ಅಣು ಒಪ್ಪಂದದಿಂದ ಹೊರನಡೆದು ಇರಾನಿನ ಮೇಲೆ ಮತ್ತೆ ನಿರ್ಬಂಧ ಹಾಕಿತು. 2019ರ ಜನವರಿಯಲ್ಲಿ ಫ್ರಾನ್ಸ್, ಜರ್ಮನಿ, ಬ್ರಿಟನ್ ಸೇರಿ ಪ್ಯಾರಿಸ್‌ನಲ್ಲಿ ಇನ್‌ಸ್ಟೆಕ್ಸ್ ಎಂಬ ಸಂಸ್ಥೆ ಮಾಡಿದವು. ಉಪಾಯ ಸರಳ: ಇರಾನಿನಿಂದ ಕೊಂಡ ಯುರೋಪಿನವನು ಇರಾನಿಗೆ ಮಾರಿದ ಯುರೋಪಿನವನಿಗೇ ಹಣ ಕೊಡಲಿ, ಇರಾನಿನೊಳಗೂ ಹಾಗೇ ಆಗಲಿ, ಗಡಿ ದಾಟಿ ಹಣ ಹೋಗುವುದೇ ಬೇಡ. ಇದು ನಡೆಯಬೇಕಾದರೆ ಎರಡೂ ಕಡೆಯ ವ್ಯಾಪಾರ ಸರಿಸುಮಾರು ಸಮ ಇರಬೇಕು. ಇರಾನ್ ಮಾರಬೇಕಾಗಿದ್ದ ಮುಖ್ಯ ಸರಕು ತೈಲ, ಅದನ್ನು ಮುಟ್ಟಲು ಯುರೋಪಿನ ಯಾವ ಕಂಪನಿಗೂ ಧೈರ್ಯವಿರಲಿಲ್ಲ. 2020ರ ಮಾರ್ಚಿನಲ್ಲಿ ವೈದ್ಯಕೀಯ ಸಾಮಗ್ರಿಯ ಒಂದೇ ಒಂದು ವ್ಯವಹಾರ ನಡೆಯಿತು. 2023ರಲ್ಲಿ ಅಂಗಡಿ ಮುಚ್ಚಿದರು.

ಇದೇ ಅಸಮತೋಲನ ರೂಪಾಯಿಯನ್ನೂ ಕಾಡಿತು. 2022ರ ಜುಲೈನಲ್ಲಿ ಭಾರತೀಯ ರಿಸರ್ವ್ ಬ್ಯಾಂಕ್ ವಿದೇಶಿ ವ್ಯಾಪಾರವನ್ನು ರೂಪಾಯಿಯಲ್ಲಿ ಚುಕ್ತಾ ಮಾಡಲು ವಿಶೇಷ ವೋಸ್ಟ್ರೊ ಖಾತೆಗಳಿಗೆ (ವಿದೇಶಿ ಬ್ಯಾಂಕು ಭಾರತದ ಬ್ಯಾಂಕಿನಲ್ಲಿ ಇಡುವ ರೂಪಾಯಿ ಖಾತೆ) ಅವಕಾಶ ಕೊಟ್ಟಿತು. ಭಾರತ ರಷ್ಯಾದಿಂದ ತೈಲ ಕೊಂಡದ್ದು ಬೆಟ್ಟದಷ್ಟು, ರಷ್ಯಾ ಭಾರತದಿಂದ ಕೊಂಡದ್ದು ಬೊಗಸೆಯಷ್ಟು. ಕೋಟಿಗಟ್ಟಲೆ ರೂಪಾಯಿ ಭಾರತದ ಬ್ಯಾಂಕುಗಳಲ್ಲಿ ಬಿದ್ದಿದೆ, ಬಳಸಲಾಗುತ್ತಿಲ್ಲ ಎಂದು ರಷ್ಯಾದ ವಿದೇಶಾಂಗ ಸಚಿವ ಲಾವ್ರೊವ್ 2023ರ ಮೇ ತಿಂಗಳಲ್ಲಿ ಗೋವಾದಲ್ಲೇ ಹೇಳಿದರು. ಡಾಲರಿನ ಬಲ ಅಮೆರಿಕದ ಸೈನ್ಯದಲ್ಲಿದೆ ಎನ್ನುವವರಿಗೆ ನಾನು ಈ ಉದಾಹರಣೆ ಕೊಡುತ್ತೇನೆ. ಕೈಗೆ ಬಂದ ಹಣವನ್ನು ಮೂರನೆಯವನ ಬಳಿ, ಯಾವುದೇ ಮೊತ್ತಕ್ಕೆ, ಇವತ್ತೇ ಖರ್ಚು ಮಾಡಬಹುದೇ ಎಂಬುದೇ ಪ್ರಶ್ನೆ. ಯುವಾನ್ ಕೂಡ ಅಲ್ಲೇ ಎಡವುತ್ತದೆ, ಚೀನಾ ತನ್ನ ಬಂಡವಾಳದ ಗೇಟನ್ನು ಪೂರ್ತಿ ತೆರೆಯಲು ಒಪ್ಪುವುದಿಲ್ಲ.

ಹಾಗಾದರೆ ಡಾಲರ್ ಅಲುಗಾಡಿಲ್ಲವೇ? ಅಲುಗಾಡಿದೆ, ಬೇರೆ ಜಾಗದಲ್ಲಿ. 2022ರ ಫೆಬ್ರುವರಿಯಲ್ಲಿ ರಷ್ಯಾ ಉಕ್ರೇನ್ ಮೇಲೆ ದಾಳಿ ಮಾಡಿದ ಕೂಡಲೇ ಅದರ ಕೇಂದ್ರ ಬ್ಯಾಂಕಿನ ಸುಮಾರು 30,000 ಕೋಟಿ ಡಾಲರ್ ಮೀಸಲನ್ನು ಪಶ್ಚಿಮ ದೇಶಗಳು ತಡೆಹಿಡಿದವು. ಅದರ ಬಹುಪಾಲು ಇರುವುದು ಅಮೆರಿಕದಲ್ಲಲ್ಲ, ಬಾಂಡು, ಷೇರುಗಳನ್ನು ಕಾಪಿಡುವ ಬೆಲ್ಜಿಯಂನ ಯೂರೋಕ್ಲಿಯರ್ ಸಂಸ್ಥೆಯಲ್ಲಿ. ಇದನ್ನು ಕಂಡ ಉಳಿದ ಕೇಂದ್ರ ಬ್ಯಾಂಕುಗಳು 2022, 2023, 2024ರಲ್ಲಿ ವರ್ಷಕ್ಕೆ 1,000 ಟನ್ನಿಗೂ ಹೆಚ್ಚು ಚಿನ್ನ ಕೊಂಡವು. ತನ್ನ ನೆಲಮಾಳಿಗೆಯಲ್ಲಿರುವ ಚಿನ್ನವನ್ನು ಯಾರೂ ಗುಂಡಿ ಒತ್ತಿ ತಡೆಹಿಡಿಯಲಾರರು. ಜಗತ್ತಿನ ವಿದೇಶಿ ವಿನಿಮಯ ಮೀಸಲಿನಲ್ಲಿ ಡಾಲರಿನ ಪಾಲು ಈ ಶತಮಾನದ ಆರಂಭದಲ್ಲಿ ಶೇ 70ರ ಆಸುಪಾಸಿನಲ್ಲಿತ್ತು, 2024ರಲ್ಲಿ ಶೇ 58. ಆದರೆ ಕರೆನ್ಸಿ ಮಾರುಕಟ್ಟೆಯಲ್ಲಿ ನಡೆಯುವ ಹತ್ತು ವ್ಯವಹಾರಗಳಲ್ಲಿ ಸುಮಾರು ಒಂಬತ್ತರಲ್ಲಿ ಒಂದು ಕಡೆ ಡಾಲರ್ ಈಗಲೂ ಇದೆ. ಕೂಡಿಡಲು ಅನುಮಾನ, ವ್ಯವಹಾರಕ್ಕೆ ಅನಿವಾರ್ಯ: ಇವತ್ತಿನ ಸ್ಥಿತಿ ಇದು. ‘ಡಾಲರ್ ಯುಗ ಮುಗಿಯಿತು’ ಎಂಬ ತಲೆಬರಹಗಳು ಈ ಎರಡನ್ನು ಕಲಸಿಬಿಡುತ್ತವೆ.

ಇನ್ನು ತೈಲದ ದರ ಮಿತಿ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಂಥ ಯೋಜನೆ. ರಷ್ಯಾದ ತೈಲ ಮಾರುಕಟ್ಟೆಗೆ ಬರದಿದ್ದರೆ ಎಲ್ಲರಿಗೂ ಬೆಲೆ ಏರುತ್ತದೆ, ಬಂದರೆ ಯುದ್ಧಕ್ಕೆ ಹಣ ಸಿಗುತ್ತದೆ. ಆದ್ದರಿಂದ ತೈಲ ಬರಲಿ, ಲಾಭ ಮಾತ್ರ ಬೇಡ ಎಂದು ಜಿ-7, ಯುರೋಪಿಯನ್ ಒಕ್ಕೂಟ, ಆಸ್ಟ್ರೇಲಿಯಾ ಸೇರಿ 2022ರ ಡಿಸೆಂಬರ್ 5ರಿಂದ ಕಚ್ಚಾ ತೈಲಕ್ಕೆ ಬ್ಯಾರೆಲ್‌ಗೆ 60 ಡಾಲರ್ ಮಿತಿ ಹಾಕಿದವು. ಜಾರಿ ಮಾಡಲು ಹಿಡಿದ ಸಂದಿ ಮತ್ತೆ ವಿಮೆಯೇ. ಸಾಗರ ದಾಟುವ ಹಡಗುಗಳಲ್ಲಿ ಸುಮಾರು ಶೇ 90ರಷ್ಟಕ್ಕೆ, ಟನ್ನಿನ ಲೆಕ್ಕದಲ್ಲಿ, ಹೊಣೆಗಾರಿಕೆ ವಿಮೆ ಕೊಡುವುದು ಹಡಗು ಮಾಲೀಕರೇ ಸೇರಿ ಕಟ್ಟಿಕೊಂಡ 12 ವಿಮಾ ಕ್ಲಬ್ಬುಗಳ ಒಂದು ಅಂತಾರಾಷ್ಟ್ರೀಯ ಗುಂಪು, ಅದರ ಬೇರು ಲಂಡನ್ನಿನಲ್ಲಿ. ಮಿತಿಗಿಂತ ಹೆಚ್ಚು ಬೆಲೆಗೆ ಕೊಂಡ ತೈಲ ಹೊತ್ತ ಹಡಗಿಗೆ ವಿಮೆ ಕೊಡುವಂತಿಲ್ಲ.

ಬೆಲೆ ಎಷ್ಟೆಂದು ವಿಮೆಯವನಿಗೆ ಹೇಗೆ ಗೊತ್ತಾಗಬೇಕು? ಗೊತ್ತಾಗುವುದಿಲ್ಲ, ಯೋಜನೆ ಸೋರಿದ್ದು ಅಲ್ಲೇ. ತೈಲ ವ್ಯಾಪಾರಿಯ ಹತ್ತಿರ ಖರೀದಿ ಬಿಲ್ ಇರುತ್ತದೆ. ಹಡಗಿನ ಮಾಲೀಕನಿಗೂ ವಿಮೆದಾರನಿಗೂ ಸಿಗುವುದು ‘ಮಿತಿಯೊಳಗೇ ಕೊಂಡಿದ್ದೇನೆ’ ಎಂಬ ದೃಢೀಕರಣ ಪತ್ರ ಮಾತ್ರ. ಬಿಲ್ಲಿನಲ್ಲಿ ತೈಲಕ್ಕೆ 59 ಡಾಲರ್ ಎಂದು ಬರೆದು, ಸಾಗಣೆ, ವಿಮೆ, ‘ಸೇವಾ ಶುಲ್ಕ’ಗಳನ್ನು ಮನಬಂದಂತೆ ಏರಿಸಿದರೆ ಉಳಿದ ಹಣ ಮಾರಿದವನ ಕಡೆಯ ಕಂಪನಿಗೇ ಸೇರುತ್ತದೆ. ಒಂದು ವರ್ಷವಾದ ಮೇಲೆ ನಿಯಮ ಬಿಗಿ ಮಾಡಿ, ಪ್ರತಿ ಸಲ ಸರಕು ತುಂಬಿದಾಗಲೂ 30 ದಿನದೊಳಗೆ ಹೊಸ ಪತ್ರ, ಕೇಳಿದರೆ ಶುಲ್ಕಗಳ ಬಿಡಿ ಲೆಕ್ಕ ಕೊಡಬೇಕೆಂದರು. ಅಷ್ಟರಲ್ಲಿ ಇನ್ನೊಂದು ದಾರಿ ತಯಾರಾಗಿತ್ತು. ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವವರಿಗೆ ಬರವಿಲ್ಲ. ಗುಜರಿ ಸೇರುವ ವಯಸ್ಸಿಗೆ ಬಂದ ಟ್ಯಾಂಕರ್‌ಗಳನ್ನು ಹೆಸರೇ ಕೇಳಿರದ ಕಂಪನಿಗಳು ಕೊಂಡವು. ಗ್ಯಾಬೊನ್, ಕ್ಯಾಮರೂನ್‌ಗಳ ಧ್ವಜ ಏರಿತು. ಜಾಗ ತಿಳಿಸುವ ಎಐಎಸ್ ಸಂಕೇತ ಆಫ್ ಆಯಿತು ಅಥವಾ ಸುಳ್ಳು ಜಾಗ ತೋರಿಸಿತು. ನಡುಸಮುದ್ರದಲ್ಲಿ ಹಡಗಿನಿಂದ ಹಡಗಿಗೆ ತೈಲ ಬದಲಾಯಿತು. ಇದನ್ನೇ ಈಗ ನೆರಳು ಪಡೆ ಎನ್ನುವುದು.

ಈ ಹಡಗುಗಳು ಬಾಲ್ಟಿಕ್‌ನಿಂದ ಹೊರಬರುವುದು ಡೆನ್ಮಾರ್ಕಿನ ಕಣ್ಣೆದುರಿನ ಜಲಸಂಧಿಗಳಲ್ಲಿ. ತಡೆಯಬಹುದಲ್ಲ ಎಂದು ಕೇಳುತ್ತಾರೆ. ಆ ದಾರಿಯಲ್ಲಿ ಶತಮಾನಗಳ ಕಾಲ ವಸೂಲಾಗುತ್ತಿದ್ದ ಸುಂಕವನ್ನು ರದ್ದು ಮಾಡಿ, ವ್ಯಾಪಾರಿ ಹಡಗುಗಳಿಗೆ ಮುಕ್ತ ಸಂಚಾರ ಕೊಟ್ಟ 1857ರ ಕೋಪನ್‌ಹೇಗನ್ ಒಪ್ಪಂದ ಇನ್ನೂ ಜೀವಂತವಾಗಿದೆ. ಅದನ್ನು ಮುರಿದರೆ ನಾಳೆ ಹಾರ್ಮುಜ್‌ನಲ್ಲಿ, ಮಲಕ್ಕಾದಲ್ಲಿ ಇನ್ನೊಬ್ಬರು ಅದನ್ನೇ ಎತ್ತಿ ತೋರಿಸುತ್ತಾರೆ. ನಿಯಮ ಹಾಕಿದವರ ಕೈಯನ್ನೂ ನಿಯಮ ಕಟ್ಟಿಹಾಕಿದ ಅಪರೂಪದ ಪ್ರಸಂಗ. 2025ರ ಸೆಪ್ಟೆಂಬರಿನಲ್ಲಿ ಯುರೋಪಿಯನ್ ಒಕ್ಕೂಟ, ಬ್ರಿಟನ್ ಮಿತಿಯನ್ನು 47.6 ಡಾಲರಿಗೆ ಇಳಿಸಿದಾಗ ಅಮೆರಿಕ ಜೊತೆಗೂಡಲಿಲ್ಲ.

ಈಗ ಹೇಳುವುದು ಎಲ್ಲಕ್ಕಿಂತ ನಿಧಾನದ ಬಳಸುದಾರಿ ಇರುವ ಸಂದಿ: ಮೋಟರಿನ ಅಯಸ್ಕಾಂತಗಳಿಗೆ ಬೇಕಾದ ಅಪರೂಪದ ಭೂಲೋಹಗಳು. ಹೆಸರು ಮೋಸ ಮಾಡುತ್ತದೆ, ಇವು ನೆಲದಲ್ಲಿ ಅಷ್ಟೇನೂ ಅಪರೂಪವಲ್ಲ. ಅಪರೂಪವಾಗಿರುವುದು ಅವನ್ನು ಬಿಡಿಸುವ ಕಾರ್ಖಾನೆ. 17 ಧಾತುಗಳು ಅದಿರಿನಲ್ಲಿ ಒಟ್ಟಿಗೆ ಬೆರೆತಿರುತ್ತವೆ, ಅಕ್ಕಪಕ್ಕದವು ರಸಾಯನದಲ್ಲಿ ಅವಳಿಗಳಂತೆ ಒಂದೇ ಥರ ವರ್ತಿಸುತ್ತವೆ. ಅದಿರನ್ನು ಆಮ್ಲದಲ್ಲಿ ಕರಗಿಸಿ, ಆ ದ್ರಾವಣವನ್ನು ಸೀಮೆಎಣ್ಣೆಯಂಥ ದ್ರವದಲ್ಲಿ ಬೆರೆಸಿದ ರಂಜಕಯುಕ್ತ ರಾಸಾಯನಿಕದ ಜೊತೆ ತೊಟ್ಟಿಯಲ್ಲಿ ಕಲಕುತ್ತಾರೆ. ನಿಂತ ಮೇಲೆ ಎಣ್ಣೆ ಮೇಲೆ, ನೀರು ಕೆಳಗೆ. ಒಂದು ಧಾತು ಎಣ್ಣೆಯ ಕಡೆಗೆ ಕೂದಲೆಳೆಯಷ್ಟು ಹೆಚ್ಚು ವಾಲಿರುತ್ತದೆ. ಮುಂದಿನ ತೊಟ್ಟಿಯಲ್ಲಿ ಮತ್ತೆ ಅದೇ. ಶುದ್ಧ ಲೋಹ ಬೇಕೆಂದರೆ ಹೀಗೆ ನೂರಾರು ಹಂತ. ಹೊಸ ಘಟಕದಲ್ಲಿ ತೊಟ್ಟಿಗಳೆಲ್ಲ ತುಂಬಿ ಒಂದು ಹದಕ್ಕೆ ಬರಲು ತಿಂಗಳುಗಳೇ ಹಿಡಿಯುತ್ತವೆ. ಆಮ್ಲದ ಹದ ತಪ್ಪಿದರೆ ಇಡೀ ಸಾಲಿನ ಸಮತೋಲ ಕೆಡುತ್ತದೆ. ಜೊತೆಗೆ ಅದಿರಿನಲ್ಲಿರುವ ವಿಕಿರಣಶೀಲ ಥೋರಿಯಂ ಅನ್ನು ಎಲ್ಲಿಡಬೇಕು ಎಂಬ ತಲೆನೋವು. ಚೀನಾ ದಶಕಗಳ ಕಾಲ ಈ ಕೊಳಕನ್ನು ತನ್ನ ಮೇಲೆ ಎಳೆದುಕೊಂಡಿತು, ಬೇರೆಯವರು ಸಂತೋಷದಿಂದ ಬಿಟ್ಟುಕೊಟ್ಟರು. ಇವತ್ತು ಶುದ್ಧೀಕರಣದ ಸುಮಾರು ಶೇ 90 ಅಲ್ಲೇ ನಡೆಯುತ್ತದೆ.

ಇದರ ಪೆಟ್ಟು ಮೊದಲು ತಿಂದದ್ದು ಜಪಾನ್. 2010ರ ಸೆಪ್ಟೆಂಬರಿನಲ್ಲಿ ಎರಡೂ ದೇಶಗಳು ತಮ್ಮದೆನ್ನುವ ಸೆನ್‌ಕಾಕು ದ್ವೀಪಗಳ ಬಳಿ ಚೀನಾದ ಮೀನುಗಾರಿಕೆ ದೋಣಿಯ ಜಗಳ, ಹಿಂದೆಯೇ ಚೀನಾದ ಸರಬರಾಜು ನಿಂತಿತು. ಜಪಾನ್ ಆಸ್ಟ್ರೇಲಿಯಾದ ಲೈನಸ್ ಕಂಪನಿಗೆ 25 ಕೋಟಿ ಡಾಲರ್ ಕೊಟ್ಟು ಬೇರೆ ದಾರಿ ಕಟ್ಟಿಸತೊಡಗಿತು. ಅಮೆರಿಕದಲ್ಲಿ ಮೌಂಟನ್ ಪಾಸ್ ಗಣಿ ಮತ್ತೆ ತೆರೆಯಿತು. ಆಮೇಲೆ ಏನಾಯಿತು ಎನ್ನುವುದೇ ಕಲಿಯಬೇಕಾದ್ದು. ಚೀನಾ ಸರಕು ಮತ್ತೆ ಬಿಟ್ಟಿತು, 2011ರಲ್ಲಿ ಗಗನಕ್ಕೇರಿದ್ದ ಬೆಲೆ ನೆಲ ಕಚ್ಚಿತು, ಮೌಂಟನ್ ಪಾಸ್ ನಡೆಸುತ್ತಿದ್ದ ಮೊಲಿಕಾರ್ಪ್ 2015ರಲ್ಲಿ ದಿವಾಳಿಯಾಯಿತು. ಸಂದಿ ಮುಚ್ಚಿದಾಗ ಬಳಸುದಾರಿ ಹುಟ್ಟುತ್ತದೆ, ಸಂದಿ ತೆರೆದಾಗ ಸಾಯುತ್ತದೆ. ಬಾಗಿಲು ಕಾಯುವವನಿಗೆ ಇದು ಚೆನ್ನಾಗಿ ಗೊತ್ತು. ಲೈನಸ್ ಬದುಕಿದ್ದು ಜಪಾನ್ ಸರ್ಕಾರ ಲಾಭ ನಷ್ಟ ನೋಡದೆ ಬೆನ್ನಿಗೆ ನಿಂತದ್ದರಿಂದ.

2025ರ ಏಪ್ರಿಲ್ 4ರಂದು ಅಮೆರಿಕದ ಹೊಸ ಸುಂಕಗಳಿಗೆ ಉತ್ತರವಾಗಿ ಚೀನಾ ಡಿಸ್ಪ್ರೋಸಿಯಂ, ಟರ್ಬಿಯಂ ಸೇರಿ ಏಳು ಲೋಹಗಳಿಗೂ ಅವುಗಳ ಅಯಸ್ಕಾಂತಗಳಿಗೂ ರಫ್ತು ಪರವಾನಗಿ ಕಡ್ಡಾಯ ಮಾಡಿತು. ನಿಷೇಧ ಅಲ್ಲ, ಪರವಾನಗಿ. ವ್ಯತ್ಯಾಸ ದೊಡ್ಡದು. ನಿಷೇಧಕ್ಕೆ ಎಲ್ಲರೂ ಒಗ್ಗಟ್ಟಾಗುತ್ತಾರೆ. ಪರವಾನಗಿಯಲ್ಲಿ ಒಬ್ಬನಿಗೆ ಕೊಟ್ಟು ಒಬ್ಬನನ್ನು ಕಾಯಿಸಬಹುದು, ಕೊನೆಯ ಬಳಕೆದಾರ ಯಾರು, ಎಲ್ಲಿ ಬಳಸುತ್ತಾನೆ ಎಂಬ ವಿವರವನ್ನೂ ಅರ್ಜಿಯಲ್ಲೇ ಪಡೆಯಬಹುದು. ಕಾರಿನ ಮೋಟರಿನ ಅಯಸ್ಕಾಂತದಲ್ಲಿ ಡಿಸ್ಪ್ರೋಸಿಯಂ ಇರುವುದು ತೂಕದ ಕೆಲವೇ ಶೇಕಡಾ. ಅದಿಲ್ಲದಿದ್ದರೆ ನಿಯೋಡಿಮಿಯಂ ಅಯಸ್ಕಾಂತ ಬಿಸಿಗೆ ಶಕ್ತಿ ಕಳೆದುಕೊಳ್ಳುತ್ತದೆ, ಮೋಟರಿನೊಳಗೆ 150 ಡಿಗ್ರಿ ಸೆಲ್ಸಿಯಸ್ ದಾಟುವುದು ಮಾಮೂಲು. ಮೇ ತಿಂಗಳಲ್ಲಿ ಫೋರ್ಡ್ ಕಂಪನಿ ಶಿಕಾಗೊ ಕಾರ್ಖಾನೆಯಲ್ಲಿ ಒಂದು ವಾರ ಕಾರು ತಯಾರಿ ನಿಲ್ಲಿಸಿತು. ಅದೇ ತಿಂಗಳು ಲೈನಸ್ ಮಲೇಷ್ಯಾದ ಘಟಕದಲ್ಲಿ ಡಿಸ್ಪ್ರೋಸಿಯಂ ಆಕ್ಸೈಡ್ ತಯಾರಿಸಿತು. 2010ರಿಂದ ಎಣಿಸಿ, ಹದಿನೈದು ವರ್ಷ! ಜುಲೈನಲ್ಲಿ ಅಮೆರಿಕದ ರಕ್ಷಣಾ ಇಲಾಖೆ ಮೌಂಟನ್ ಪಾಸ್‌ನ ಈಗಿನ ಕಂಪನಿಗೆ ನಿಯೋಡಿಮಿಯಂ-ಪ್ರೇಸಿಯೋಡಿಮಿಯಂಗೆ ಕಿಲೋಗೆ 110 ಡಾಲರ್ ಖಾತ್ರಿ ಬೆಲೆ ಕೊಟ್ಟಿತು. ಬೆಂಬಲ ಬೆಲೆ ಕೊಡಬಾರದು ಎಂದು ಜಗತ್ತಿಗೆಲ್ಲ ಬುದ್ಧಿ ಹೇಳಿದ ದೇಶ ಅದು ಎನ್ನುವುದನ್ನು ನೆನಪಿಡಿ.

ಅಕ್ಟೋಬರಿನಲ್ಲಿ ಚೀನಾ ಇನ್ನೂ ಒಂದು ಹೆಜ್ಜೆ ಇಟ್ಟಿತು: ತನ್ನ ಭೂಲೋಹ ಬೆಲೆಯ ಶೇ 0.1ರಷ್ಟು ಇದ್ದರೂ ಸಾಕು, ಬೇರೆ ದೇಶದಲ್ಲಿ ತಯಾರಾದ ವಸ್ತುವಿಗೂ ತನ್ನ ಅನುಮತಿ ಬೇಕು. ಅಮೆರಿಕ 2020ರಲ್ಲಿ ಚೀನಾದ ಫೋನ್ ಕಂಪನಿ ಹುವಾವೆಗೆ ಹಾಕಿದ್ದು ಇದೇ ತರ್ಕ. ತನ್ನ ತಂತ್ರಜ್ಞಾನ ಬಳಸಿ ಎಲ್ಲೇ ಚಿಪ್ ಮಾಡಿದರೂ ತನ್ನ ಪರವಾನಗಿ ಬೇಕು ಎಂದಿತ್ತು. ಗುರುವಿಗೇ ತಿರುಮಂತ್ರ. ಅದೇ ತಿಂಗಳ 30ರಂದು ದಕ್ಷಿಣ ಕೊರಿಯಾದ ಬುಸಾನ್‌ನಲ್ಲಿ ಟ್ರಂಪ್, ಚೀನಾದ ಅಧ್ಯಕ್ಷ ಷಿ ಜಿನ್‌ಪಿಂಗ್ ಭೇಟಿಯಾದ ಮೇಲೆ ಈ ನಿಯಮವನ್ನು ಒಂದು ವರ್ಷ ಅಮಾನತಿನಲ್ಲಿಟ್ಟರು, ರದ್ದು ಮಾಡಲಿಲ್ಲ.

ಚಿಪ್ಪಿನ ವಿಷಯ ಚುಟುಕಾಗಿ ಹೇಳುತ್ತೇನೆ, ಅದರ ಬಗ್ಗೆ ಈಗಾಗಲೇ ಸಾಕಷ್ಟು ಮಾತಾಗಿದೆ. ಅತಿ ಸೂಕ್ಷ್ಮ ಚಿಪ್ಪು ಕೊರೆಯುವ ಇಯುವಿ (ತೀವ್ರ ನೇರಳಾತೀತ ಬೆಳಕಿನ) ಯಂತ್ರ ಮಾಡುವುದು ನೆದರ್ಲೆಂಡ್ಸ್‌ನ ಎಎಸ್‌ಎಂಎಲ್ ಒಂದೇ. ಸೆಕೆಂಡಿಗೆ 50,000 ತವರದ ಹನಿಗಳಿಗೆ ಲೇಸರ್ ಹೊಡೆದು 13.5 ನ್ಯಾನೋಮೀಟರ್ ಬೆಳಕು ಹುಟ್ಟಿಸುವ ಯಂತ್ರ ಅದು, ಚೀನಾಕ್ಕೆ ಮಾರುವಂತಿಲ್ಲ. 2023ರಲ್ಲಿ ಹುವಾವೆ ಹಳೆಯ ಬಗೆಯ ಯಂತ್ರದಲ್ಲೇ ಒಂದೇ ಪದರವನ್ನು ಹಲವು ಸಲ ಕೊರೆದು ತಯಾರಿಸಿದ 7 ನ್ಯಾನೋಮೀಟರ್ ಚಿಪ್ಪಿನ ಫೋನ್ ಬಿಟ್ಟಿತು. ಹಂತ ಹೆಚ್ಚಾದಷ್ಟೂ ಹಾಳಾಗುವ ಚಿಪ್ಪು ಹೆಚ್ಚು, ಖರ್ಚು ಹೆಚ್ಚು. ಆದರೂ ಅದೊಂದು ಬಳಸುದಾರಿ.

ಈ ಜಗಳಗಳಿಗೆಲ್ಲ ನ್ಯಾಯ ಹೇಳುವವರು ಯಾರು? ವಿಶ್ವ ವ್ಯಾಪಾರ ಸಂಸ್ಥೆಯ ಮೇಲ್ಮನವಿ ಮಂಡಳಿಯಲ್ಲಿ ಏಳು ಮಂದಿ ಇರಬೇಕು, ಒಂದು ಪ್ರಕರಣ ಕೇಳಲು ಮೂವರಾದರೂ ಬೇಕು. ಅಮೆರಿಕ ಹೊಸಬರ ನೇಮಕಕ್ಕೆ ಒಪ್ಪಿಗೆ ಕೊಡದೆ ಹೋದ್ದರಿಂದ 2019ರ ಡಿಸೆಂಬರಿನಲ್ಲಿ ಉಳಿದದ್ದು ಒಬ್ಬರೇ. ಅಂದಿನಿಂದ ಸೋತವನು ಮೇಲ್ಮನವಿ ಹಾಕಿದರೆ ಸಾಕು, ತೀರ್ಪು ತ್ರಿಶಂಕು. 2022ರಲ್ಲಿ ನಿಕಲ್ ಅದಿರು ರಫ್ತು ನಿಷೇಧದ ಪ್ರಕರಣದಲ್ಲಿ ಯುರೋಪಿನ ಎದುರು ಸೋತ ಇಂಡೊನೇಷ್ಯಾ ಹಾಗೇ ಮಾಡಿತು, ಉಕ್ಕಿನ ಸುಂಕದ ಪ್ರಕರಣದಲ್ಲಿ ಸೋತ ಅಮೆರಿಕವೂ ಹಾಗೇ ಮಾಡಿತು. ಭದ್ರತಾ ಮಂಡಳಿಯ ಗತಿ ನಿಮಗೆ ಗೊತ್ತೇ ಇದೆ. 1965ರಲ್ಲಿ 11ರಿಂದ 15 ಸ್ಥಾನಕ್ಕೆ ಹಿಗ್ಗಿದ್ದೇ ಕೊನೆ. ಸನ್ನದು ತಿದ್ದಲು ವಿಟೊ ಇರುವ ಐವರೂ ಅನುಮೋದಿಸಬೇಕು.

ಕೊನೆಯದಾಗಿ ದಾಸ್ತಾನಿನ ಮಾತು, ಭಾಷಣಗಳಲ್ಲಿ ಇದು ಬರುವುದೇ ಇಲ್ಲ. 1973ರ ತೈಲ ಬಿಕ್ಕಟ್ಟಿನ ಬಿಸಿ ತಾಗಿದ ಮೇಲೆ, 1974ರಲ್ಲಿ, ಅಂತಾರಾಷ್ಟ್ರೀಯ ಇಂಧನ ಸಂಸ್ಥೆ ಹುಟ್ಟಿತು. ತೈಲ ಆಮದು ಮಾಡಿಕೊಳ್ಳುವ ಸದಸ್ಯ ದೇಶಗಳು 90 ದಿನದ ನಿವ್ವಳ ಆಮದಿಗೆ ಸಮನಾದ ತೈಲ ಕೂಡಿಟ್ಟಿರಬೇಕು. ಆ 90 ದಿನ ಇರುವುದರಿಂದಲೇ ಜಲಸಂಧಿಯ ಬೆದರಿಕೆ ಬಂದ ಮರುದಿನ ಬಂಕುಗಳು ಬಾಗಿಲು ಹಾಕುವುದಿಲ್ಲ. ಜಪಾನ್ 1983ರಿಂದ ಕೆಲವು ವಿರಳ ಲೋಹಗಳನ್ನೂ ಹೀಗೆ ಕೂಡಿಡುತ್ತಾ ಬಂದಿದೆ. ಡಿಸ್ಪ್ರೋಸಿಯಂಗೆ 90 ದಿನದ ನಿಯಮ ಹೇರುವ ಅಂಥ ಒಪ್ಪಂದ ದೇಶಗಳ ನಡುವೆ ಇಲ್ಲ. ತೈಲಕ್ಕೆ ಊರಗಲದ ತೊಟ್ಟಿಗಳು ಬೇಕು, ಒಂದು ದೊಡ್ಡ ಕಾರು ಕಂಪನಿಯ ಮೂರು ತಿಂಗಳ ಡಿಸ್ಪ್ರೋಸಿಯಂ ಸಾಮಾನ್ಯ ಗೋದಾಮಿನ ಒಂದು ಮೂಲೆಯಲ್ಲಿ ಹಿಡಿಯುತ್ತದೆ.